ಎ.ಕೆ. ಹಾನಗಲ್ ಹಾನಗಲ್ಲಿನವರೇನು? ಒಂದೇ ಹೆಸರಿನ ಬ್ಯಾರೆ ಬ್ಯಾರೆ ದೊಡ್ಡವರ ಬಗ್ಗೆ ಒಬ್ಬ ಟೀಚರ್ ಕೇಳಿದ್ದಕ್ಕ ಉತ್ತರ

ಪ್ರಶ್ನೆ: "ಸರ, ನಮಸ್ಕಾರ. ನಾ ಹಾವೇರಿ ಜಿಲ್ಲಾದಾಗ ಒಂದು ಹೈಸ್ಕೂಲಿನ ಸಮಾಜ ವಿಜ್ಞಾನ ಟೀಚರ್. ನಮ್ಮ ಸಾಲಿಗೆ ಐವತ್ತು ವರ್ಷ ತುಂಬೇದ ಅಂತ ಸ್ಮರಣ ಸಂಚಿಕೆ ತರ್ಲಿಕತ್ತೇವಿ, ಅದ್ರಾಗ 'ನಮ್ಮ ಹೆಮ್ಮೆಯ ಹೆಸರುಗಳು' ಅನ್ನೋ ಭಾಗದ ಜವಾಬ್ದಾರಿ ನಂದು. ಪ್ರೂಫ್ ಬಂದ ಮ್ಯಾಲೆ ನೋಡಿದ್ರ ತಲಿ ಕೆಟ್ಟು ಹೋಗೇದ. ಸಿನಿಮಾದ ಎ.ಕೆ. ಹಾನಗಲ್ ಅವರನ್ನ ನಮ್ಮ ಹಾನಗಲ್ಲಿನವರು, ಗಂಗೂಬಾಯಿ ಅವರ ಸಂಬಂಧಿಕರು ಅಂತ ಹಾಕ್ಯಾರ. ಕಿತ್ತೂರು ಚೆನ್ನಮ್ಮ ಶಿವಾಜಿ ಮಗಗ ಆಶ್ರಯ ಕೊಟ್ಳು ಅಂತ ಅದ. ಗೊಮ್ಮಟನ್ನ ಕೆತ್ತಿಸಿದ ಚಾವುಂಡರಾಯನ ಅಡಗಿ, ಒಕ್ಕಲುತನದ ಬಗ್ಗೆನೂ ಬರದಾನ ಅಂತ ಅದ. ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬಾಂವ ಎಸ್. ಚಂದ್ರಶೇಖರ್ ಅವರ ಮ್ಯಾಲೆ ಬರದಾನ, ಅದ್ರಾಗ ನೊಬೆಲ್ ಅವರದ, ಬೆಂಗಳೂರಿನ ಲಿಕ್ವಿಡ್ ಕ್ರಿಸ್ಟಲ್ (ದ್ರವದಂಗ ಹರಿಯೋ ಸ್ಫಟಿಕ) ಸಂಶೋಧನೆ ಅವರದ, ದಿಲ್ಲಿಯೊಳಗ ಮಂತ್ರಿ ಆಗಿದ್ದೂ ಅವರ! ತಗದು ಹಾಕೋಣು ಅಂದ್ರ ಕಮಿಟಿ ಹಿರಿಯರು 'ನಮ್ಮೂರ ಹೆಸರು ಇಟ್ಕೊಂಡವ್ರು ನಮ್ಮವರಲ್ದ ಮತ್ತ್ಯಾರು, ಇಂಟರ್‌ನೆಟ್‌ನಾಗೂ ಹಂಗ ಅದ' ಅಂತಾರ. ಒಂದಿಷ್ಟು ಪುಟ ಆಗಲೇ ಪ್ರಿಂಟ್ ಆಗ್ಯಾವ. ಹೆಸರು ಒಂದ ಇದ್ದಾಗ ಮನುಷ್ಯಾರನ್ನ ಬ್ಯಾರೆ ಮಾಡೋದು ಹೆಂಗ, ಈಗ ನಾ ಏನು ಮಾಡ್ಲಿ?"

ಉತ್ತರ:

ಅಕ್ಕಾರ, ನೀವು ಪ್ರೂಫ್ ಸಹಿ ಮಾಡಿ ಕಳಿಸ್ದ ತಡದು ಕೇಳಿದ್ರಿ, ಅದ ಭಾಳ ಚಲೋ ಆತು. ಸಾಲಿ ಸಂಚಿಕೆ ಅಂದ್ರ ಊರಾಗಿನ ಮಂದಿ ಮನ್ಯಾಗ ಇಪ್ಪತ್ತು ಮೂವತ್ತು ವರ್ಷ ಇಟ್ಕೋತಾರ, ಮುಂದ ಯಾರೋ ಹುಡುಗ್ರು ಅದನ್ನ ನೋಡಿ ಭಾಷಣ ಬರೀತಾರ, ಆ ಭಾಷಣ ನೋಡಿ ಇನ್ನೊಬ್ರು ಪೇಪರಿಗೆ ಬರೀತಾರ, ತಪ್ಪು ಊರಾಗ ಕೂತು ಬಿಡೋದು ಹಿಂಗನ. ನಾ ಧಾರವಾಡದಾಗ ಲೈಬ್ರರಿಯ ಕ್ಯಾಟಲಾಗ್ ವಿಭಾಗದಾಗ ಕೆಲಸ ಮಾಡಿದಂವ, ಒಂದೇ ಹೆಸರಿನ ಇಬ್ಬರನ್ನ ಬ್ಯಾರೆ ಮಾಡೋದು, ಎರಡು ಹೆಸರಿನ ಒಬ್ಬರನ್ನ ಒಂದು ಮಾಡೋದು, ಇದ ನಮ್ಮ ದಿನಾ ಕೆಲಸ. ಅದಕ್ಕ ಕೆಲಸದ ಮಾತನ್ನ ಹೇಳ್ತೇನಿ.

ಎ.ಕೆ. ಹಾನಗಲ್ ಅವರಿಂದ ಶುರು ಮಾಡೋಣು, ಹಿರಿಯರಿಗೆ ಸಿಟ್ಟು ಬರೋದು ಅಲ್ಲೇ. ಅವರ ಪೂರ್ತಿ ಹೆಸರು ಅವತಾರ್ ಕಿಶನ್ ಹಂಗಲ್. ಕಾಶ್ಮೀರಿ ಪಂಡಿತ ಮನಿತನ, ಹುಟ್ಟಿದ್ದು ಈಗ ಪಾಕಿಸ್ತಾನದಾಗ ಇರೋ ಸಿಯಾಲಕೋಟದಾಗ. ಸ್ವಾತಂತ್ರ್ಯ ಹೋರಾಟದಾಗ ಇದ್ರು, ಕರಾಚಿಯೊಳಗ ಜೈಲಿಗೂ ಹೋದ್ರು, ಟೇಲರ್ ಕೆಲಸ ಮಾಡಿದ್ರು, ದೇಶ ಒಡದ ಮ್ಯಾಲೆ ಮುಂಬಯಿಗೆ ಬಂದು ನಾಟಕ ಮಾಡ್ಕೋತ ಐವತ್ತರ ಆಜೂಬಾಜೂ ವಯಸ್ಸಿನ್ಯಾಗ ಸಿನಿಮಾಕ್ಕ ಬಂದ್ರು. 1975ರ 'ಶೋಲೆ' ಒಳಗ ಕಣ್ಣು ಕಾಣದ ಇಮಾಮ್ ಸಾಹೇಬರ ಪಾತ್ರ ಅಂದ್ರ ಎಲ್ಲಾರಿಗೂ ನೆನಪಾಗ್ತದ. 2006ಕ್ಕ ಪದ್ಮಭೂಷಣ, 2012ಕ್ಕ ಮುಂಬಯಿಯೊಳಗ ತೀರಿಕೊಂಡ್ರು. ನಮ್ಮ ಹಾನಗಲ್ಲಿಗೂ ಅವರಿಗೂ ಸಂಬಂಧ ಇಲ್ಲ. ಕನ್ನಡದಾಗ ಅವರ ಹೆಸರನ್ನ 'ಹಾನಗಲ್' ಅಂತ ಬರದು ಬರದು ನಮ್ಮೂರಿನ ಹೆಸರ ಅನ್ನಿಸಿಬಿಟ್ಟದ, ಅಷ್ಟ. ಗಾಯಕಿ ಗಂಗೂಬಾಯಿ ಹಾನಗಲ್ ಅವರು 1913ರಾಗ ಧಾರವಾಡದಾಗ ಹುಟ್ಟಿದವ್ರು, 2009ರಾಗ ಹುಬ್ಬಳ್ಳಿಯೊಳಗ ತೀರಿಕೊಂಡವ್ರು, ಮನಿತನದ ಬೇರು ಮಾತ್ರ ಹಾನಗಲ್ಲಿಂದು. ಈ ಇಬ್ಬರನ್ನ ಸಂಬಂಧಿಕರು ಅಂತ ಛಾಪಿಸಿದ್ರ ಇಬ್ಬರ ಮನಿತನಕ್ಕೂ ಅನ್ಯಾಯ ಆಗ್ತದ.

ಈಗ ಹಿರಿಯರ ಮಾತಿಗೆ ಬರೋಣು, 'ಊರ ಹೆಸರು ಇದ್ದ ಮ್ಯಾಲೆ ನಮ್ಮವರ' ಅನ್ನೋದು. ಅವರು ಹಂಗ ತಿಳ್ಕೊಳ್ಳೋದ್ರಾಗ ತಪ್ಪೇನಿಲ್ಲ, ನಮ್ಮ ಸೀಮಿ ರೂಢಿನ ಹಂಗದ, ಊರಿನ ಹೆಸರ ಅಡ್ಡಹೆಸರಾಗಿ ಬರ್ತದ, ಮನಸೂರು, ಕುರ್ತಕೋಟಿ, ಹುಯಿಲಗೋಳ, ಗೋಕಾಕ, ಕಲಬುರ್ಗಿ. ಆದ್ರ ಆ ಊರು ಮನಿತನದ ಹಿಂದಿನ ಊರು, ಆ ಮನುಷ್ಯ ಹುಟ್ಟಿದ ಊರಾಗಿರ್ಬೇಕಂತ ಏನಿಲ್ಲ. ಇದಕ್ಕ ನಿಮ್ಮ ಜಿಲ್ಲಾದಾಗನ ಒಂದು ಚಲೋ ಉದಾಹರಣಿ ಅದ, ವಿ.ಕೃ. ಗೋಕಾಕರು. ಹೆಸರಾಗ ಬೆಳಗಾವಿ ಕಡೆ ಊರು ಅದ, ಹುಟ್ಟಿದ್ದು ಮಾತ್ರ 1909ರಾಗ ಸವಣೂರಿನ್ಯಾಗ. ಜ್ಞಾನಪೀಠ ಬಂದ ಕವಿ, ಹಾವೇರಿ ಜಿಲ್ಲಾದವರು! ನಿಮ್ಮ ಪತ್ರದಾಗ ಅವರ ಹೆಸರು ಎಲ್ಲೂ ಕಾಣ್ಲಿಲ್ಲ, ಪಟ್ಟಿಯೊಳಗ ಅವರು ಅದಾರೋ ಇಲ್ಲೋ ಒಂದ್ಸಲ ನೋಡ್ರಿ. ಊರ ಹೆಸರು ನಂಬಿ ಪಟ್ಟಿ ಮಾಡಿದ್ರ ಸಿಯಾಲಕೋಟದವ್ರು ಒಳಗ ಬರ್ತಾರ, ಸವಣೂರಿನವ್ರು ಹೊರಗ ಉಳೀತಾರ. ಕಮಿಟಿ ಮುಂದ ಇದೊಂದು ಮಾತು ಇಡ್ರಿ ಸಾಕು, ಹಿರಿಯರು ಒಪ್ತಾರ, ಯಾಕಂದ್ರ ಒಬ್ಬರನ್ನ ಕಳಕೊಂಡ್ರೂ ಇನ್ನೊಬ್ಬ ದೊಡ್ಡವರು ಕೈಗೆ ಸಿಕ್ಕಂಗಾತು.

ಊರಲ್ದ ಕೆಲಸದಿಂದ, ಅಧಿಕಾರದಿಂದ ಬಂದ ಅಡ್ಡಹೆಸರು ಇನ್ನೂ ಮೋಸ ಮಾಡ್ತಾವ. ಪಾಟೀಲ, ದೇಸಾಯಿ, ಕುಲಕರ್ಣಿ, ಜೋಶಿ, ಹಿರೇಮಠ, ಇವು ಊರೂರಿಗೂ ಇರೋ ಹೆಸರು. ಪಾಟೀಲ ಪುಟ್ಟಪ್ಪ ಅಂದ್ರ ಪಾಪು, ಕುರಬಗೊಂಡದವರು, ಪತ್ರಕರ್ತರು. ಚಂದ್ರಶೇಖರ ಪಾಟೀಲ ಅಂದ್ರ ಚಂಪಾ, ಹತ್ತಿಮತ್ತೂರಿನವರು, ಕವಿ, ನಾಟಕಕಾರರು. ಇಬ್ಬರೂ ಹಾವೇರಿ ಜಿಲ್ಲಾದವ್ರು, ಇಬ್ಬರೂ ಕನ್ನಡ ಚಳವಳಿಯೊಳಗ ಇದ್ದವ್ರು, ಒಬ್ಬರ ಹೆಸರಿನ್ಯಾಗ ಪಾಟೀಲ ಮುಂದ ಬರ್ತದ, ಇನ್ನೊಬ್ಬರದ್ರಾಗ ಹಿಂದ, ಬರೇ 'ಪಾಟೀಲರು' ಅಂತ ಬರದ್ರ ಓದೋ ಹುಡುಗ್ರಿಗೆ ಯಾರು ಅಂತ ತಿಳಿಯೋದಿಲ್ಲ. ಗದಗ ಜಿಲ್ಲಾ ತಗೊಂಡ್ರ ಭೀಮಸೇನ ಜೋಶಿ ಒಬ್ಬರು, ಭಾರತರತ್ನ. ಕ್ರಿಕೆಟಿನ ಸುನೀಲ್ ಜೋಶಿ ಇನ್ನೊಬ್ಬರು, 1999ರಾಗ ನೈರೋಬಿಯೊಳಗ ದಕ್ಷಿಣ ಆಫ್ರಿಕಾ ಮ್ಯಾಲೆ ಹತ್ತು ಓವರಿಗೆ ಆರು ರನ್ ಕೊಟ್ಟು ಐದು ವಿಕೆಟ್ ತಗೊಂಡವ್ರು. ಅಡ್ಡಹೆಸರು ಒಂದ ಅಂತ ಅಣ್ಣ ತಮ್ಮ, ಕಾಕಾ ಮಗ ಅಂತ ಸಂಬಂಧ ಹಚ್ಚಬ್ಯಾಡ್ರಿ. ಬೇಂದ್ರೆ ಅಂದ ಕೂಡ್ಲೆ ನಮಗೆಲ್ಲ ಸಾಧನಕೇರಿ ನೆನಪಾಗ್ತದ, ಆದ್ರ ಚಿತ್ರಕಲಾ ಓದೋರಿಗೆ ಬೇಂದ್ರೆ ಅಂದ್ರ ಎನ್.ಎಸ್. ಬೇಂದ್ರೆ, ಇಂದೋರಿನ್ಯಾಗ 1910ರಾಗ ಹುಟ್ಟಿದ ದೊಡ್ಡ ಪೇಂಟರ್, ಬರೋಡಾದಾಗ ಕಲಿಸಿದವರು.

ಬಿರುದಿನ ಗೊಂದಲ ಬ್ಯಾರೆನ ಅದ. ಸವಾಯಿ ಗಂಧರ್ವ, ಬಾಲ ಗಂಧರ್ವ, ಕುಮಾರ ಗಂಧರ್ವ, ಮೂರೂ ಹೆಸರು ಕೇಳಿದವ್ರು ಇದೊಂದು ಮನಿತನ ಅಂತನ ತಿಳ್ಕೋತಾರ. ಸವಾಯಿ ಗಂಧರ್ವರು ಕುಂದಗೋಳದ ರಾಮಭಾವು ಕುಂದಗೋಳಕರ. ಗಂಗೂಬಾಯಿ, ಭೀಮಸೇನ ಜೋಶಿ ಇಬ್ಬರಿಗೂ ಗುರುಗಳು. ಬಾಲ ಗಂಧರ್ವರು ಮರಾಠಿ ರಂಗಭೂಮಿಯ ನಾರಾಯಣ ಶ್ರೀಪಾದ ರಾಜಹಂಸ. ಕುಮಾರ ಗಂಧರ್ವರು ಬೆಳಗಾವಿ ಜಿಲ್ಲಾ ಸುಳೇಭಾವಿಯ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಮೂರು ಊರು, ಮೂರು ಮನಿತನ, ಬಿರುದು ಮಾತ್ರ ಒಂದ ನಮೂನಿ. ಬಿರುದು ಇದ್ದವ್ರ ಮೂಲ ಹೆಸರು ಒಂದ್ಸಲ ಬರದು ಬಿಟ್ರ ಈ ತ್ರಾಸು ಮುಗೀತು.

ಇಲ್ಲಿತನಕ ಹೇಳಿದ್ದು ಸುಲಭದ್ದು. ಹಾಡೋರು ಒಬ್ಬರು, ಬಾಲ್ ಹಾಕೋರು ಒಬ್ಬರು ಅಂದ್ರ ಸ್ವಲ್ಪ ವಿಚಾರ ಮಾಡಿದ್ರೂ ಬ್ಯಾರೆ ಅಂತ ಗೊತ್ತಾಗ್ತದ. ನಾವು ಕ್ಯಾಟಲಾಗಿನವ್ರು ಹೆದರೋದು ಹೆಸರೂ ಒಂದ, ಕ್ಷೇತ್ರನೂ ಹತ್ತಿರದ್ದು, ಕಾಲನೂ ಹತ್ತಿರದ್ದು ಇದ್ದಾಗ. ನಿಮ್ಮ ಪ್ರೂಫಿನ್ಯಾಗ ಅಂಥಾವು ಎರಡು ಅದಾವ.

ಮೊದಲನೇದು ಚಾವುಂಡರಾಯ. ಗಂಗರ ಮಂತ್ರಿ, ಸೇನಾಪತಿ ಚಾವುಂಡರಾಯ ಶ್ರವಣಬೆಳಗೊಳದ ಗೊಮ್ಮಟನ್ನ ಮಾಡಿಸಿದಂವ, 978ರಾಗ 'ಚಾವುಂಡರಾಯ ಪುರಾಣ' ಬರದಂವ. 'ಲೋಕೋಪಕಾರ' ಬರದ ಚಾವುಂಡರಾಯ ಬ್ಯಾರೆ, ಸುಮಾರು 1025ರಾಗ ಚಾಲುಕ್ಯ ಜಯಸಿಂಹನ ಕಾಲದಾಗ ಇದ್ದಂವ. ಅಡಗಿ, ಸುಗಂಧ, ಗಿಡಮರ, ದನಕರುಗಳ ಔಷಧ, ನೆಲದಾಗ ನೀರು ಎಲ್ಲದ ಅಂತ ನೋಡೋದು, ಎಲ್ಲಾ ಅವನ ಪುಸ್ತಕದಾಗ ಅದ. ಹೆಸರೂ ಒಂದ, ಇಬ್ಬರೂ ಕನ್ನಡದಾಗ ಬರದವ್ರು, ನಡುವ ಅಂತರ ಅರ್ಧ ಶತಮಾನದಷ್ಟು, ಒಬ್ಬನ ಅಂತ ತಿಳ್ಕೊಳ್ಳೋದು ಎಷ್ಟು ಸುಲಭ ನೋಡ್ರಿ. ನಾಗವರ್ಮರ ಕಥಿನೂ ಇದ. ಛಂದಸ್ಸಿನ ಮ್ಯಾಲೆ 'ಛಂದೋಂಬುಧಿ' ಬರದಂವ ಒಬ್ಬ, 'ಕಾವ್ಯಾವಲೋಕನ' ಬರದ ವ್ಯಾಕರಣಕಾರ ಇನ್ನೊಬ್ಬ, ಇವರ ಬಗ್ಗೆ ವಿದ್ವಾಂಸರ ನಡುವ ವರ್ಷಾನುಗಟ್ಟಲೆ ಚರ್ಚೆ ಆಗೇದ, ಆಮ್ಯಾಲ ಒಂದನೇ ನಾಗವರ್ಮ ಎರಡನೇ ನಾಗವರ್ಮ ಅಂತ ಕರೀಲಿಕ್ಕೆ ಶುರು ಮಾಡಿದ್ರು. ದೊಡ್ಡ ದೊಡ್ಡ ಪಂಡಿತರಿಗೇ ಇಷ್ಟು ಕಷ್ಟ ಆಗೇದ ಅಂದ್ರ ನಿಮ್ಮ ಸಂಚಿಕೆಗೆ ಬರದವ್ರನ್ನ ಬೈಬ್ಯಾಡ್ರಿ.

ಎರಡನೇದು ನಿಮ್ಮ ಒಂಬತ್ತನೇ ಕ್ಲಾಸಿನ ಹುಡುಗಂದು, ಖರೇ ಹೇಳ್ತೇನಿ, ಇದು ನಾ ನೋಡಿದ ಹೆಸರಿನ ಗೊಂದಲದಾಗ ಎಲ್ಲಕ್ಕಿಂತ ಕಠಿಣದ್ದು. ಎಸ್. ಚಂದ್ರಶೇಖರ್ ಅಂತ ಪ್ರಸಿದ್ಧರು ಮೂರು ಮಂದಿ. ಸುಬ್ರಹ್ಮಣ್ಯನ್ ಚಂದ್ರಶೇಖರ್, 1910ರಾಗ ಲಾಹೋರಿನ್ಯಾಗ ಹುಟ್ಟಿದ್ರು, 1937ಕ್ಕ ಶಿಕಾಗೋ ಯೂನಿವರ್ಸಿಟಿಗೆ ಹೋದ್ರು, ಮುಂದ ಅಮೆರಿಕಾದ ಪ್ರಜಾ ಆದ್ರು. ನಕ್ಷತ್ರ ಮುಪ್ಪಾಗಿ ವೈಟ್ ಡ್ವಾರ್ಫ್, ಅಂದ್ರ ಕುಗ್ಗಿದ ಸಣ್ಣ ಬಿಳಿ ನಕ್ಷತ್ರ, ಆಗ್ಬೇಕಂದ್ರ ಅದರ ತೂಕ ಸೂರ್ಯನ ಸುಮಾರು 1.4 ಪಟ್ಟಿನೊಳಗ ಇರಬೇಕು ಅಂತ ಲೆಕ್ಕ ಹಾಕಿದವ್ರು, 1983ರ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ್ರು. ಎರಡನೇದವ್ರು ಶಿವರಾಮಕೃಷ್ಣ ಚಂದ್ರಶೇಖರ್, 1930ರಿಂದ 2004. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೊಳಗ ಲಿಕ್ವಿಡ್ ಕ್ರಿಸ್ಟಲ್ ಪ್ರಯೋಗಾಲಯ ಕಟ್ಟಿದ್ರು, ತಟ್ಟಿಯಾಕಾರದ ಅಣುಗಳಿಂದನೂ ಲಿಕ್ವಿಡ್ ಕ್ರಿಸ್ಟಲ್ ಆಗ್ತದ ಅಂತ ಅವರ ತಂಡ 1977ರಾಗ ತೋರಿಸ್ತು. ಈಗ ನೋಡ್ರಿ, ಇಬ್ಬರೂ ಭೌತಶಾಸ್ತ್ರದವ್ರು, ಇಬ್ಬರೂ ಲಂಡನ್ನಿನ ರಾಯಲ್ ಸೊಸೈಟಿ ಫೆಲೋ, ಅದೂ ಎರಡನೇದವ್ರು ಫೆಲೋ ಆಗಿದ್ದು 1983ರಾಗನ, ಮತ್ತ ಇಬ್ಬರಿಗೂ ಸರ್ ಸಿ.ವಿ. ರಾಮನ್ ಸೋದರ ಸಂಬಂಧ, ಒಬ್ಬರು ರಾಮನ್ನರ ಅಣ್ಣನ ಮಗ, ಇನ್ನೊಬ್ಬರು ತಂಗಿ ಮಗ! ಮೂರನೇದವ್ರು ಶ್ರೀಪತಿ ಚಂದ್ರಶೇಖರ್, ಜನಸಂಖ್ಯಾ ಶಾಸ್ತ್ರದವ್ರು, 1967ರಿಂದ ಕೇಂದ್ರದಾಗ ಆರೋಗ್ಯ, ಕುಟುಂಬ ಯೋಜನಾ ಮಂತ್ರಿ. ಹುಡುಗ ಮೂರೂ ಮಂದಿನ್ನ ಒಬ್ಬರನ್ನಾಗಿ ಮಾಡ್ಯಾನ ಅಂದ್ರ ಅದು ಅವನ ದಡ್ಡತನ ಅಲ್ಲ, ಪಾಪ, ಹುಡುಕಿದಲ್ಲೆಲ್ಲಾ 'ಎಸ್. ಚಂದ್ರಶೇಖರ್' ಅಂತನ ಸಿಕ್ಕದ, ಹುಡುಗ ನಂಬ್ಯಾನ. ಅವನ ಲೇಖನ ತಗೀಬ್ಯಾಡ್ರಿ. ಅವನನ್ನ ಕೂಡಿಸಿಕೊಂಡು ಮೂರು ಭಾಗ ಮಾಡಿ ಮತ್ತ ಬರಸ್ರಿ, ಸಂಚಿಕೆಯೊಳಗ ಅದ ಎಲ್ಲಕ್ಕಿಂತ ಚಲೋ ಲೇಖನ ಆಗ್ತದ ಅಂತ ನನಗ ಅನಸ್ತದ. ಬೇಕಾದ್ರ ಸ್ಪಿನ್ ಬೌಲರ್ ಬಿ.ಎಸ್. ಚಂದ್ರಶೇಖರ್, ಪ್ರಧಾನಿ ಆಗಿದ್ದ ಚಂದ್ರಶೇಖರ್ ಅವರನ್ನೂ ಸೇರಿಸ್ಲಿ.

ಹಂಗಾರ ಬ್ಯಾರೆ ಮಾಡೋದು ಹೆಂಗ? ಲೈಬ್ರರಿಯೊಳಗ ಹಳೆ ಕ್ಯಾಟಲಾಗ್ ಡ್ರಾವರ್ ನೋಡಿರಬೇಕು ನೀವು, ಐದು ಇಂಚಿಗೆ ಮೂರು ಇಂಚಿನ ದಪ್ಪ ಕಾರ್ಡು, ಕೆಳಗ ನಟ್ಟನಡುವ ಒಂದು ತೂತು, ಆ ತೂತಿನ್ಯಾಗಿಂದ ಒಂದು ಸರಳು ಹಾಯಿಸಿರ್ತಾರ, ಯಾರೂ ಕಾರ್ಡ್ ಎತ್ಕೊಂಡು ಹೋಗಬಾರ್ದು ಅಂತ. ಆ ಕಾರ್ಡಿನ ಮೊದಲನೇ ಸಾಲು ಹಿಂಗ ಇರ್ತದ: 'ಬೇಂದ್ರೆ, ದತ್ತಾತ್ರೇಯ ರಾಮಚಂದ್ರ, 1896–1981'. ಅಡ್ಡಹೆಸರು, ಇನಿಶಿಯಲ್ ಬಿಡಿಸಿದ ಪೂರ್ತಿ ಹೆಸರು, ಹುಟ್ಟಿದ ವರ್ಷ, ತೀರಿಕೊಂಡ ವರ್ಷ. ವರ್ಷ ಸಿಗ್ಲಿಲ್ಲ ಅಂದ್ರ ಗಾಯಕ, ವೈದ್ಯ, ಅರ್ಥಶಾಸ್ತ್ರಜ್ಞ ಅಂತ ಕೆಲಸ ಬರೀತೇವಿ. ಅವರ ಕಾವ್ಯನಾಮ 'ಅಂಬಿಕಾತನಯದತ್ತ' ಅಂತ ಇನ್ನೊಂದು ಕಾರ್ಡು ಇರ್ತದ, ಅದ್ರಾಗ 'ಬೇಂದ್ರೆ ನೋಡಿ' ಅಂತ ಅಷ್ಟ. ಹೆಸರಿನ ಹೊರಗಿನ ಕನಿಷ್ಠ ಎರಡು ಸಂಗತಿ ಕೂಡಿ ಬರ್ಲಿಲ್ಲ ಅಂದ್ರ, ಅಂದ್ರ ವರ್ಷನೂ ಊರೂ, ಇಲ್ಲಾ ವರ್ಷನೂ ಕೃತಿನೂ, ಇಬ್ಬರನ್ನ ಒಬ್ಬರು ಅಂತ ನಾವು ಮಾಡೋದಿಲ್ಲ. ಈಗಿನ ಸಂಶೋಧಕರಿಗೆ ಆರ್ಕಿಡ್ (ORCID) ಅಂತ ಹದಿನಾರು ಅಂಕಿಯ ನಂಬರ್ ಬಂದದ, 2012ರಿಂದ, ಅದೂ ಇದ ತ್ರಾಸಿಗೇ ಬಂದದ್ದು.

ಚರ್ಚಿಲ್ ಅವರಿಗೂ ಈ ತ್ರಾಸು ತಪ್ಪಿಲ್ಲ. 1899ರಾಗ ವಿನ್‌ಸ್ಟನ್ ಚರ್ಚಿಲ್ ಅಂದ್ರ ಅಮೆರಿಕಾದ ಕಾದಂಬರಿಕಾರರೊಬ್ಬರು, ಆಗ ಅವರ ಹೆಸರು ಭಾಳ ನಡೀತಿತ್ತು. ಮುಂದ ಬ್ರಿಟನ್ನಿನ ಪ್ರಧಾನಿ ಆದ ಚರ್ಚಿಲ್ ಆಗ ಇನ್ನೂ ಹುಡುಗ, ತಾವ ಅವರಿಗೆ ಪತ್ರ ಬರದು, ಇನ್ನ ಮ್ಯಾಲೆ ನನ್ನ ಪುಸ್ತಕದ ಮ್ಯಾಲೆ ವಿನ್‌ಸ್ಟನ್ ಸ್ಪೆನ್ಸರ್ ಚರ್ಚಿಲ್ ಅಂತ ಹಾಕ್ತೇನಿ ಅಂದ್ರು. ಪೂರ್ತಿ ಹೆಸರು ಬರೆಯೋದ್ರಾಗ ಅಷ್ಟು ಉಪಯೋಗ ಅದ.

ವರ್ಷ ಹಾಕಿದ್ರ ಇನ್ನೊಂದು ಲಾಭ ಅದ, ಲೆಕ್ಕ ತಪ್ಪಿದ್ದು ಕಣ್ಣಿಗೆ ಹೊಡೀತದ. ಶಿವಾಜಿ ಮಗ ರಾಜಾರಾಮಗ ಆಶ್ರಯ ಸಿಕ್ಕಿದ್ದು 1689ರ ಸುಮಾರು, ಕೊಟ್ಟಾಕಿ ಕೆಳದಿ ಚೆನ್ನಮ್ಮ, ಅದಕ್ಕ ಔರಂಗಜೇಬನ ಸೈನ್ಯದ ಕೂಡ ಯುದ್ಧನೂ ಮಾಡಿದ್ಳು. ಕಿತ್ತೂರು ಚೆನ್ನಮ್ಮ ಹುಟ್ಟಿದ್ದ 1778ರಾಗ. ಆಕಿ ಬ್ರಿಟಿಷರ ಮ್ಯಾಲೆ ಗೆದ್ದದ್ದು 1824ರ ಅಕ್ಟೋಬರ್‌ದಾಗ, ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ಆ ಕಾಳಗದಾಗನ. ಚಂದ್ರಶೇಖರ್ ಅವರದೂ ಹಂಗನ, 1967ರಾಗ ಅಮೆರಿಕಾದ ಪ್ರಜಾ ಆಗಿದ್ದವ್ರು ದಿಲ್ಲಿಯೊಳಗ ಮಂತ್ರಿ ಹೆಂಗ ಆಗ್ತಾರ? ಒಂದು ಪೆನ್ಸಿಲ್ ತಗೊಂಡು ಪ್ರೂಫಿನ ಎಲ್ಲಾ ಹೆಸರಿನ ಮುಂದ ವರ್ಷ ಬರ್ಕೋತ ಹೋಗ್ರಿ, ಅರ್ಧಕ್ಕರ್ಧ ತಪ್ಪು ತಾವ ಸಿಗ್ತಾವ.

ಇಂಟರ್‌ನೆಟ್‌ನಾಗ ಹಂಗ ಅದ ಅಂತ ಹಿರಿಯರು ಅಂತಾರಲ್ಲ, ಅದಕ್ಕೂ ಒಂದು ಮಾತು. ಹೆಸರು ಹಾಕಿ ಹುಡುಕಿದ್ರ ಮಷೀನು ಅಕ್ಷರ ಕೂಡಿಸ್ತದ, ಮನುಷ್ಯಾರನ್ನ ಗುರ್ತು ಹಿಡಿಯೋದು ಪ್ರತಿಸಲ ಆಗೋದಿಲ್ಲ, ಒಬ್ಬರ ಮಾಹಿತಿ ಪಕ್ಕಕ್ಕ ಇನ್ನೊಬ್ಬರ ಫೋಟೋ ಬಂದು ಕೂಡ್ತದ. ಬರೇ 'ಗಂಗೂಬಾಯಿ' ಅಂತ ಹುಡುಕ್ರಿ, 2022ರ ಹಿಂದಿ ಸಿನಿಮಾನ ಮೊದಲ ಬರ್ತದ. ಅದಕ್ಕ ಹೆಸರಿನ ಜೋಡಿ ಒಂದು ಊರು, ಒಂದು ಕೆಲಸ ಸೇರಿಸಿ ಹುಡುಕ್ರಿ. ಒಂದ ತಪ್ಪನ್ನ ಹತ್ತು ಕಡೆ ನಕಲು ಮಾಡಿರ್ತಾರ, ಹತ್ತು ಕಡೆ ಸಿಕ್ತು ಅಂತ ಅದು ಹತ್ತು ಸಾಕ್ಷಿ ಆಗೋದಿಲ್ಲ.

ಇನ್ನ ಪ್ರಿಂಟಿನ ಮಾತು. ಎ.ಕೆ. ಹಾನಗಲ್ ಪುಟ ಇನ್ನೂ ಪ್ರಿಂಟ್ ಆಗಿಲ್ಲಂದ್ರ ಸುಮ್ನ ತಗದು ಹಾಕೋದು ಒಂದು ದಾರಿ, ಆದ್ರ ಹಿರಿಯರ ಮನಸ್ಸಿಗೆ ಹತ್ತತದ, ಮುಂದಿನ ಸಲ ಮತ್ತ ಯಾರೋ ಸೇರಸ್ತಾರ. ನನ್ನ ಕೇಳಿದ್ರ 'ಹೆಸರು ಒಂದ, ಊರು ಬ್ಯಾರೆ' ಅಂತ ಒಂದು ಬ್ಯಾರೆ ಪುಟ ಮಾಡ್ರಿ, ಎ.ಕೆ. ಹಾನಗಲ್, ಎನ್.ಎಸ್. ಬೇಂದ್ರೆ, ಇಬ್ಬರು ಚೆನ್ನಮ್ಮರು, ಇಬ್ಬರು ಚಾವುಂಡರಾಯರು, ಹುಡುಗನ ಮೂವರು ಚಂದ್ರಶೇಖರ್, ಎಲ್ಲಾ ಅದ್ರಾಗ. ಇದ್ರಾಗೂ ಒಂದು ಅಪಾಯ ಅದ, ಮಂದಿ ಬರೇ ಫೋಟೋ ಹೆಸರು ನೋಡಿ ಪುಟ ತಿರುವ್ತಾರ, ಅದಕ್ಕ ಫೋಟೋದ ಕೆಳಗಿನ ಸಾಲಿನ್ಯಾಗನ 'ಹುಟ್ಟೂರು ಸಿಯಾಲಕೋಟ' ಅಂತ ಬರೀರಿ, ಲೇಖನದ ಒಳಗ ಬಚ್ಚಿಡಬ್ಯಾಡ್ರಿ. ಆಗಲೇ ಪ್ರಿಂಟ್ ಆದ ಪುಟದಾಗ ತಪ್ಪು ಇದ್ರ ಪ್ರೆಸ್ಸಿನವರನ್ನ ಕೇಳ್ರಿ, ಬೈಂಡಿಂಗ್ ಆಗಿಲ್ಲಂದ್ರ ಆ ಒಂದು ಫಾರ್ಮ್ (ಒಂದ ದೊಡ್ಡ ಹಾಳಿ ಮ್ಯಾಲೆ ಕೂಡಿ ಪ್ರಿಂಟ್ ಆಗೋ ಪುಟಗಳು) ಮಾತ್ರ ಮತ್ತ ಪ್ರಿಂಟ್ ಮಾಡ್ಲಿಕ್ಕೆ ಬರ್ತದ, ಖರ್ಚು ಅದ ಖರೇ, ಪೂರ್ತಿ ಪುಸ್ತಕದಷ್ಟಲ್ಲ. ರೊಕ್ಕ ಇಲ್ಲ ಅಂದ್ರ ತಿದ್ದುಪಡಿ ಚೀಟಿ ಮಾಡಿ ಆ ಪುಟಕ್ಕ ಗೋಂದು ಹಚ್ಚಿ ಅಂಟಿಸ್ರಿ. ಚೀಟಿ ಸುಮ್ನ ನಡುವ ಇಟ್ರ ಪುಸ್ತಕ ಬಿಡುಗಡೆ ದಿನಾನ ಬಿದ್ದು ಹೋಗ್ತದ, ತಪ್ಪು ಮಾತ್ರ ಉಳೀತದ.

ಸಂಚಿಕೆಯೊಳಗ ಈಗ ಬದುಕಿರೋ ಹಳೆ ವಿದ್ಯಾರ್ಥಿಗಳ ಪಟ್ಟಿನೂ ಇದ್ರ ಅಲ್ಲಿ ಇನ್ನೂ ಹುಷಾರಿರ್ರಿ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗಗ ಇಡ್ತಾರ, ಒಂದ ಊರಾಗ ಒಂದ ಅಡ್ಡಹೆಸರಿನ ಬಸವರಾಜ ನಾಲ್ಕು ಮಂದಿ ಸಿಗ್ತಾರ, ಒಬ್ಬರ ಪ್ರಶಸ್ತಿ ಇನ್ನೊಬ್ಬರಿಗೆ ಹೋದ್ರ ಮನಿ ಮನಿ ನಡುವ ಮನಸ್ತಾಪ. ಅಂಥವ್ರಿಗೆ ಫೋನ್ ಮಾಡಿ, ಬರದದ್ದನ್ನ ಓದಿ ಹೇಳಿ, ಹೌದು ಅನ್ನಿಸ್ಕೊಂಡ ಹಾಕ್ರಿ.

ಕಡೀಗೆ ಚೆನ್ನಮ್ಮನ ಚಿತ್ರದ ಬಗ್ಗೆ. ಕೆಳದಿ ಚೆನ್ನಮ್ಮ, ಕಿತ್ತೂರು ಚೆನ್ನಮ್ಮ ಇಬ್ಬರದೂ ಫೋಟೋ ಅನ್ನೋದು ಇಲ್ಲ, ಕಿತ್ತೂರು ರಾಣಿ ಬೈಲಹೊಂಗಲದಾಗ ತೀರಿಕೊಂಡಿದ್ದು 1829ರಾಗ, ಜಗತ್ತಿಗೆ ಫೋಟೋಗ್ರಫಿ ತೋರಿಸಿದ್ದ 1839ರಾಗ. ಇಂಟರ್‌ನೆಟ್‌ನಾಗ ಸಿಗೋದೆಲ್ಲಾ ಕಲಾವಿದರು ತಮ್ಮ ಕಲ್ಪನಾದಾಗ ಬರದ ಚಿತ್ರ, ಅವೂ ಅದಲ ಬದಲ ಆಗ್ಯಾವ. ಅದಕ್ಕ ಹುಬ್ಬಳ್ಳಿಗೆ ಯಾರರ ಬರೋರಿದ್ರ ಚೆನ್ನಮ್ಮ ಸರ್ಕಲ್‌ದಾಗಿನ ಮೂರ್ತಿದು ಮೊಬೈಲಿನ್ಯಾಗ ಒಂದು ಫೋಟೋ ತಗಸ್ರಿ, ಕೆಳಗ 'ಕಿತ್ತೂರು ರಾಣಿ ಚೆನ್ನಮ್ಮ, 1778–1829, ಹುಬ್ಬಳ್ಳಿಯ ಮೂರ್ತಿ' ಅಂತ ಬರೀರಿ. ಕೆಳದಿ ಚೆನ್ನಮ್ಮನ ಹೆಸರಿನ ಮುಂದ 1671ರಿಂದ 1696ರತನಕ ಆಳಿದಾಕಿ ಅಂತ ಹಾಕ್ರಿ, ಚಿತ್ರ ಇಲ್ದಿದ್ರೂ ನಡೀತದ. ಎರಡನೇ ಪ್ರೂಫ್ ಬಂದ ಮ್ಯಾ​ಲೆ ಆ ಹೆಸರಿನ ಪುಟಗಳನ್ನಷ್ಟು ನನಗ ಕಳಸ್ರಿ, ನೋಡಿ ಕೊಡ್ತೇನಿ.